ಐನೂರಿಪ್ಪತ್ತು ಗ್ರಾಮಿನ ಕವಚ

ನಮ್ಮ ಕಾಲೇಜಿನ ವರ್ಕ್‌ಶಾಪಿನಲ್ಲಿ ಫಿಟ್ಟರ್ ಆಗಿದ್ದವನು ನನ್ನ ಅಮ್ಮನ ಅಣ್ಣ. ನಾನು ಮಾಮ ಎಂದು ಕರೆಯುತ್ತಿದ್ದುದರಿಂದ ನನ್ನ ಜೊತೆಯವರೂ ಹಾಗೇ ಕರೆದರು. ಎರಡು ವರ್ಷ ಕಳೆಯುವಷ್ಟರಲ್ಲಿ ಪ್ರಿನ್ಸಿಪಾಲರ ಬಾಯಲ್ಲೂ ಅದೇ ಬರತೊಡಗಿತು.

ಕುಳ್ಳಗಿನ, ಗಟ್ಟಿಮುಟ್ಟಾದ ಆಳು. ಉಗುರಿನ ಸಂದಿಯ ಕಪ್ಪು ಮದುವೆಮನೆಗೆ ಹೊರಟಾಗಲೂ ಹೋಗುತ್ತಿರಲಿಲ್ಲ. ಅರ ಹಿಡಿದು ಕಬ್ಬಿಣದ ಅಂಚನ್ನು ಉಜ್ಜಲು ನಿಂತರೆ ಸುತ್ತಲಿನ ಗದ್ದಲ ಅವನಿಗೆ ಕೇಳಿಸುತ್ತಿರಲಿಲ್ಲ. ಉಜ್ಜಿ ಮುಗಿಸಿ ಕಣ್ಣು ಮುಚ್ಚಿ ಆ ಅಂಚಿನ ಮೇಲೆ ಹೆಬ್ಬೆರಳು ಓಡಿಸುತ್ತಿದ್ದ, ಮಲಗಿದ ಮಗುವಿಗೆ ಜ್ವರ ಇಳಿಯಿತೇ ಎಂದು ಹಣೆ ಮುಟ್ಟಿ ನೋಡುವವನ ಹಾಗೆ.

ಒಂದು ವಿಷಯದಲ್ಲಿ ಮಾತ್ರ ಅವನ ದನಿ ಏರುತ್ತಿತ್ತು. ತಿರುಗುವ ಯಾವುದಕ್ಕೂ ಕವಚ ಇರಲೇಬೇಕು. ಕವಚವಿಲ್ಲದ ಯಂತ್ರದ ಸ್ವಿಚ್ಚಿಗೆ ಕೈ ಹಾಕಿದವರನ್ನು ಹೊರಗೆ ಕಳಿಸುತ್ತಿದ್ದ. ಒಮ್ಮೆ ವಿಭಾಗದ ಮುಖ್ಯಸ್ಥರನ್ನೇ ಕಳಿಸಿದ್ದ. ಯಾಕೆಂದು ಅಮ್ಮ ನನಗೆ ಹೇಳಿದ್ದಳು. ಹಿಂದೆ ಒಂದು ಕಾರ್ಖಾನೆಯಲ್ಲಿದ್ದಾಗ, ಉದ್ದನೆಯ ತುಂಡೊಂದಕ್ಕೆ ಅಡ್ಡ ಬರುತ್ತದೆಂದು ಗ್ರೈಂಡರಿನ ಕವಚವನ್ನು ಮಾಮನೇ ಬಿಚ್ಚಿಟ್ಟಿದ್ದನಂತೆ. ಐದು ನಿಮಿಷದ ಕೆಲಸ. ಅವನು ನೀರು ಕುಡಿದು ಬರುವಷ್ಟರಲ್ಲಿ ಅದೇ ಯಂತ್ರಕ್ಕೆ ಜೊತೆಗಾರ ನಿಂತಿದ್ದ. ಸಾಣೆಕಲ್ಲು ಒಡೆದು ಹಾರಿತು. ಆತನ ಎರಡೂ ಕಣ್ಣು ಹೋದವು. ಮಾಮ ಆ ಕೆಲಸ ಬಿಟ್ಟ. ಕವಚ ಬಿಚ್ಚುವುದನ್ನೂ ಬಿಟ್ಟ.

ಕೊನೆಯ ವರ್ಷ ನಾವು ನಾಲ್ಕು ಹುಡುಗಿಯರು ಸ್ಪರ್ಧೆಗೆಂದು ರೋಬೋ ಒಂದನ್ನು ಕಟ್ಟಿದೆವು. ಅದು ಚೆಂಡೆಸೆಯುವ ಯಂತ್ರ. ಎದೆಯೊಳಗೆ ಉಕ್ಕಿನ ಚಕ್ರವೊಂದು ಗಿರ್ರನೆ ತಿರುಗುತ್ತ ಚೆಂಡನ್ನು ಒದ್ದು ಹಾರಿಸುತ್ತಿತ್ತು. ಚಕ್ರದ ಮೇಲೆ ಮಾಮ ತಗಡು ಬಾಗಿಸಿ ಕವಚ ಮಾಡಿಕೊಟ್ಟ. ಒಟ್ಟು ತೂಕ ಮೂವತ್ತು ಕಿಲೋ ಮೀರಬಾರದೆಂಬುದು ನಿಯಮ. ಇಡೀ ಯಂತ್ರವನ್ನು ತೂಗುವ ತಕ್ಕಡಿ ನಮ್ಮಲ್ಲಿರಲಿಲ್ಲ. ಜೋಡಿಸುವ ಮೊದಲೇ ಪ್ರಯೋಗಾಲಯದ ಪುಟ್ಟ ತಕ್ಕಡಿಯಲ್ಲಿ ಒಂದೊಂದೇ ಭಾಗವನ್ನು ತೂಗಿ, ಹಾಳೆಯ ಮೇಲೆ ಬರೆದು ಕೂಡಿದ್ದೆವು. ಇಪ್ಪತ್ತೊಂಬತ್ತು ಕಿಲೋ ನಾನೂರು ಗ್ರಾಮು. ಬರೆದವಳು ನಾನು.

ಸ್ಪರ್ಧೆಯ ಬೆಳಿಗ್ಗೆ ಅಲ್ಲಿನ ತಕ್ಕಡಿ ತೋರಿಸಿದ್ದು ಮೂವತ್ತೊಂದು ಕಿಲೋ ಮುನ್ನೂರು.

ನಮ್ಮಲ್ಲಿ ವೈರಿಂಗ್ ನೋಡುತ್ತಿದ್ದವಳನ್ನು ಎಲ್ಲರೂ ವೈರಮ್ಮ ಎನ್ನುತ್ತಿದ್ದೆವು. ಅವಳು ನನ್ನ ಹಾಳೆಯನ್ನು ಮೇಲಿಂದ ಕೆಳಗೆ ಓದಿದಳು.

“ನಟ್ಟು ಬೋಲ್ಟು ಎಲ್ಲೇ ಬರ್ದಿದೀಯ?”

ನಾನು ಬರೆದಿರಲಿಲ್ಲ. ಇನ್ನೂರ ನಲವತ್ತು ಬೋಲ್ಟು, ಅಷ್ಟೇ ನಟ್ಟು. ವೈರುಗಳನ್ನೂ ಬರೆದಿರಲಿಲ್ಲ.

“ಕೆಟ್ವಿ,” ಎಂದಳು ವೈರಮ್ಮ.

ಮಧ್ಯಾಹ್ನ ಮೂರಕ್ಕೆ ಕೊನೆಯ ತೂಕ. ನಮ್ಮ ಜೊತೆ ಬಂದಿದ್ದ ಮಾಮ ನನ್ನನ್ನು ಬೈಯಲಿಲ್ಲ. ಸಭಾಂಗಣದ ಮೂಲೆಯಲ್ಲಿ ಹಳೆಯ ಬ್ಯಾನರ್ ಹಾಸಿ ಕೂತ. ನಟ್ಟಿನಾಚೆ ಚಾಚಿಕೊಂಡ ಬೋಲ್ಟಿನ ತುದಿಗಳನ್ನೆಲ್ಲ ಕೊಯ್ದು ಹಾಕಿದ. ವೈರಮ್ಮ ವೈರುಗಳನ್ನು ಗಿಡ್ಡ ಮಾಡಿದಳು. ಯಂತ್ರದ ಪಕ್ಕದ ತಗಡುಗಳಲ್ಲಿ ಮಾಮ ಸಾಲಾಗಿ ತೂತು ಕೊರೆಯತೊಡಗಿದ.

“ಮಾಮ, ಇಷ್ಟು ಕೊರೆದ್ರೆ ಮನೇಲಿ ಹಿಟ್ಟು ಜರಡಿ ಹಿಡೀಬಹುದು,” ಎಂದಳು ಅವಳು.

“ಗೆಲ್ದೇ ಇದ್ರೆ ಅದಕ್ಕೇ ಇಟ್ಕೊ, ತಾಯಿ.”

ಆ ದಿನ ನಾವು ನಕ್ಕಿದ್ದು ಅದೊಂದೇ ಸಲ. ಐದು ಬಾರಿ ತಕ್ಕಡಿಯ ಬಳಿಗೆ ಹೊತ್ತೆವು, ಐದು ಬಾರಿ ಹೊತ್ತು ತಂದೆವು. ಎರಡೂವರೆಗೆ ಇನ್ನೂ ನಾನೂರ ಹತ್ತು ಗ್ರಾಮು ಹೆಚ್ಚಿತ್ತು. ತೆಗೆಯಲು ಏನೂ ಉಳಿದಿರಲಿಲ್ಲ.

“ಕವಚ ಐನೂರಿಪ್ಪತ್ತು ಗ್ರಾಮಿದೆ,” ಎಂದೆ.

“ಅದೊಂದು ಬಿಟ್ಟು ಹೇಳು.”

“ದೊಡ್ಡವರು ಯಾರಾದ್ರೂ ಜವಾಬ್ದಾರಿ ಅಂತ ಸಹಿ ಹಾಕಿದ್ರೆ ಕವಚ ಇಲ್ದೇನೂ ಬಿಡ್ತಾರೆ. ನಿಯಮದಲ್ಲೇ ಇದೆ ಮಾಮ. ಆಟ ನಡೆಯೋದು ಬಲೆ ಒಳಗೆ. ಹತ್ರ ಯಾರೂ ಇರಲ್ಲ.”

“ಚೆಂಡು ತುಂಬೋಕೆ ಯಾರು ಹೋಗ್ತಾರೆ? ದೆವ್ವಾನಾ?”

“ನಾನು ಹೋಗ್ತೀನಿ.”

“ಅದಕ್ಕೇ ಬೇಡ ಅಂತಿರೋದು.”

ಗೋಡೆಯ ಗಡಿಯಾರದಲ್ಲಿ ಮೂರಕ್ಕೆ ಹನ್ನೆರಡು ನಿಮಿಷವಿತ್ತು. ಏಳು ತಿಂಗಳ ಕೆಲಸ ಆ ಹಳೆಯ ಬ್ಯಾನರ್ ಮೇಲೆ ಕೂತಿತ್ತು. ನನ್ನ ಲೆಕ್ಕ ತಪ್ಪಿದ್ದಕ್ಕೇ ಹೀಗಾಗಿದೆ ಎಂದು ಉಳಿದ ಮೂವರಿಗೂ ಗೊತ್ತಿತ್ತು, ಯಾರೂ ಹೇಳುತ್ತಿರಲಿಲ್ಲ. ಆಗ ನಾನು ಆ ಮಾತು ಆಡಿದೆ.

“ನೀನು ಮಾಡಿದ ತಪ್ಪಿಗೆ ನಾವು ಎಷ್ಟು ವರ್ಷ ಹೆದರ್ಕೊಂಡು ಕೂರಬೇಕು ಮಾಮ?”

ಮಾಮ ನನ್ನ ಮುಖ ನೋಡಿದ. ಸಿಟ್ಟಿರಲಿಲ್ಲ. ಸ್ಕ್ರೂಡ್ರೈವರ್‌ಗೆ ಕೈ ಚಾಚಿದ. ತಾನು ಬಿಚ್ಚುತ್ತೇನೆಂದು ವೈರಮ್ಮ ಬಗ್ಗಿದಳು. ಮಾಮ ಅವಳ ಕೈಯನ್ನು ಮೆಲ್ಲಗೆ ಸರಿಸಿ ನಾಲ್ಕು ಸ್ಕ್ರೂಗಳನ್ನೂ ತಾನೇ ಬಿಚ್ಚಿದ. ಆಮೇಲೆ ಪೆನ್ನು ಕೇಳಿದ.

ಇಪ್ಪತ್ತೊಂಬತ್ತು ಕಿಲೋ ಎಂಟುನೂರ ತೊಂಬತ್ತು. ಹುಡುಗಿಯರು ಕೂಗಿಕೊಂಡು ನನ್ನನ್ನು ತಬ್ಬಿದರು.

ಪ್ರತಿ ಆಟದಲ್ಲೂ ಚೆಂಡು ತುಂಬಲು ನಾನೇ ಬಲೆಯೊಳಗೆ ಹೋದೆ. ನಾನು ಬಗ್ಗಿದಾಗಲೆಲ್ಲ ಹೊರಗೆ ಮಾಮ ಬಲೆಯನ್ನು ಎರಡೂ ಕೈಯಲ್ಲಿ ಹಿಡಿದು ನಿಂತಿರುತ್ತಿದ್ದ. ಮೂರನೆಯ ಆಟದಲ್ಲಿ ಸೋತೆವು. ಚಕ್ರಕ್ಕೆ ಏನೂ ಆಗಿರಲಿಲ್ಲ, ನನಗೂ ಏನೂ ಆಗಿರಲಿಲ್ಲ. ವಾಪಸು ಬರುವಾಗ ವ್ಯಾನಿನಲ್ಲಿ ವೈರಮ್ಮ, “ನೋಡಿ ಮಾಮ, ಸುಮ್ನೆ ಹೆದರಿಸಿಬಿಟ್ರಿ,” ಎಂದಳು. ಮಾಮ ಕಿಟಕಿಯ ಕಡೆ ಮುಖ ಮಾಡಿ ಕೂತಿದ್ದ.

ಎರಡು ವಾರದ ಮೇಲೆ ನಾನು ವರ್ಕ್‌ಶಾಪಿಗೆ ಹೋದಾಗ ಗ್ರೈಂಡರಿನ ಮುಂದೆ ವೈರಮ್ಮ ನಿಂತಿದ್ದಳು. ಅವಳ ಕೈಯಲ್ಲಿ ಬಾಗಿದ ಕಬ್ಬಿಣದ ಪಟ್ಟಿ. ಅದು ಒಳಗೆ ಹೋಗುವುದಿಲ್ಲವೆಂದು ಕವಚ ಬಿಚ್ಚಿ ಮೇಜಿನ ಮೇಲಿಟ್ಟಿದ್ದಳು.

“ನಿಲ್ಸು!” ಎಂದು ಮಾಮ ಕೂಗಿದ. “ಹೊರಗೆ ನಡಿ.”

“ಒಂದೇ ನಿಮಿಷ ಮಾಮ. ಅವತ್ತು ನೀವೇ ಬಿಚ್ಚಿ ಕೊಟ್ರಲ್ಲ?”

ಅವಳು ಕುಹಕಕ್ಕೆ ಹೇಳಿದ್ದಲ್ಲ. ಮನೆಯವರೊಡನೆ ಸಲಿಗೆಯಿಂದ ವಾದಿಸಿದ ಹಾಗೆ, ನಗುತ್ತಲೇ ಹೇಳಿದಳು. ತರಗತಿಯ ಇಪ್ಪತ್ತು ಜನ ತಿರುಗಿ ನೋಡಿದರು. ಮಾಮ ಹೋಗಿ ಸ್ವಿಚ್ ಆರಿಸಿದ. ಕಲ್ಲು ಪೂರ್ತಿ ನಿಲ್ಲುವವರೆಗೆ ಕಾದು ಕವಚವನ್ನು ಮತ್ತೆ ಕೂರಿಸಿದ. ಯಾರನ್ನೂ ಹೊರಗೆ ಕಳಿಸಲಿಲ್ಲ. ಮರುದಿನ ತನ್ನನ್ನು ಸಾಮಾನು ಕೊಡುವ ಸ್ಟೋರಿಗೆ ಹಾಕಬೇಕೆಂದು ಪ್ರಿನ್ಸಿಪಾಲರಿಗೆ ಅರ್ಜಿ ಕೊಟ್ಟ.

“ಅಣ್ಣನಿಗೆ ಏನಾಗಿದೆಯೇ? ಕೂತ್ರೆ ಕೂತಲ್ಲೇ ಇರ್ತಾನೆ,” ಎಂದು ಅಮ್ಮ ಕೇಳಿದಳು. ಗೊತ್ತಿಲ್ಲ ಎಂದೆ.

ತಿಂಗಳಾದ ಮೇಲೆ ಒಂದು ದಿನ ಬೋಲ್ಟು ತರಲು ಸ್ಟೋರಿನ ಕಿಟಕಿಗೆ ಹೋದೆ. ಒಂದೇ ತಿಂಗಳಿಗೆ ಆರು ವರ್ಷ ಕಳೆದವನಂತೆ ಮಾಮ ಕಂಡ. ಉಗುರು ಮಾತ್ರ ಬೆಳ್ಳಗಾಗಿತ್ತು.

“ಗ್ರೈಂಡರಿಗೆ ಈಗ ಕವಚ ಇಲ್ಲ ಮಾಮ. ಗೋಡೆಗೆ ನೇತುಹಾಕಿದಾರೆ.”

“ಯಾರು ತೆಗೆದಿದ್ದು?”

“ಎಲ್ಲರೂ. ಬೇಕಾದಾಗ ತೆಗೀತಾ ಇದ್ರು, ಆಮೇಲೆ ಹಾಕೋದೇ ಬಿಟ್ರು. ನಿನ್ನ ಜಾಗಕ್ಕೆ ಬಂದ ಹೊಸಬರು ಏನೂ ಅನ್ನಲ್ಲ. ನೀನು ಬಂದು ಹೇಳು ಮಾಮ. ನಿನ್ನ ಮಾತು ಕೇಳ್ತಾರೆ.”

“ನೀನು ಕೇಳಿದ್ಯಾ?”

ಅವನು ಬೋಲ್ಟುಗಳನ್ನು ಎಣಿಸಿ, ಕಾಗದದಲ್ಲಿ ಸುತ್ತಿ ನನ್ನ ಮುಂದೆ ದೂಡಿದ. ನಾನು ಅಲ್ಲೇ ನಿಂತಿದ್ದೆ.

“ಹಿಂದೆ ಜನ ಕಾಯ್ತಿದಾರೆ,” ಎಂದ. “ದಾರಿ ಬಿಡು ಮಗಳೇ.”