ಇಳಿಸದ ಬಾವುಟ

ದೇವೇಂದ್ರಪ್ಪನವರು ನಗುತ್ತಲೇ ಬೈಯುತ್ತಿದ್ದರು. ಫುಟ್‌ಬಾಲ್ ಆಟದ ನಡುವೆ ಲೈನ್ಸ್‌ಮನ್ ತಪ್ಪು ಮಾಡಿದರೆ ಗೆರೆಯ ತನಕ ನಡೆದು ಬಂದು, ಭುಜದ ಮೇಲೆ ಕೈಯಿಟ್ಟು, ಬೀಗರನ್ನು ಎದುರುಗೊಳ್ಳುವವರ ಹಾಗೆ ಹಲ್ಲು ಬಿಟ್ಟು, "ಕಣ್ಣು ಮನ್ಯಾಗ ಬಿಟ್ಟು ಬಂದೀಯೇನಲೇ ಕತ್ತೆ?" ಎನ್ನುವರು. ದೂರದಿಂದ ನೋಡಿದವರಿಗೆ ಬೆನ್ನು ತಟ್ಟಿದಂತೆ ಕಾಣಬೇಕು. ಹೈದರಾಬಾದಿನ ಆಟಗಾರರಿಗೆ ಕನ್ನಡ ಬಾರದು ಎಂಬ ಧೈರ್ಯ. "ರೆಫ್ರಿ ಒಬ್ಬ, ಲೈನ್ಸ್‌ಮನ್ ಇಬ್ಬರು. ನಮ್ಮ ಮೂವರ ಜಗಳ ಹೊರಗ ಕಾಣಬಾರ್ದು. ಕಂಡ್ರ ಮೂರೂ ಮಂದೀನ ಹರಕೊಂಡು ತಿಂತಾರ." ಇದು ಅವರ ಕಾನೂನು.

ಅವರ ಲೈನ್ಸ್‌ಮನ್‌ಗಳಲ್ಲಿ ಒಬ್ಬನಾಗಿದ್ದ ನನಗೆ ಅವರನ್ನು ಕಂಡರೆ ಆಗುತ್ತಿರಲಿಲ್ಲ. ನಾರಾಯಣಗೂಡದ ಕಾಲೇಜಿನಲ್ಲಿ ಚರ್ಚಾಸ್ಪರ್ಧೆಯಲ್ಲಿ ಪಳಗಿದ್ದ ನನಗೆ ಕಾರಣ ಹೇಳದ ತೀರ್ಪು ತೀರ್ಪೇ ಅಲ್ಲ. ಅವರು ರಾಯಚೂರು ಕಡೆಯವರು, ಕಾರ್ಖಾನೆಯೊಂದರಲ್ಲಿ ಫಿಟ್ಟರ್, ಭಾನುವಾರ ರೆಫ್ರಿ. ನಾನು ಎತ್ತಿದ ಬಾವುಟವನ್ನು ನೊಣ ಓಡಿಸಿದಂತೆ ಕೈಬೀಸಿ ಇಳಿಸುವರು. ಯಾಕೆಂದು ಕೇಳಿದರೆ, "ಆಟ ಮುಗೀಲಿ, ವಕೀಲ್ ಸಾಬ್. ಚಾದಂಗಡ್ಯಾಗ ಕೋರ್ಟ್ ಕೂಡಸೂಣು." ಅಲ್ಲಿ ನನ್ನ ಒಂದೊಂದು ತಪ್ಪನ್ನೂ ನಿಮಿಷದ ಸಮೇತ ಒಪ್ಪಿಸುವರು. ಹೆಚ್ಚಿನವು ನಿಜವಾಗಿರುತ್ತಿದ್ದವು. ಅದೇ ನನಗೆ ಉರಿ.

ಊರ ತುಂಬ ಗಾಜಿನ ಕಟ್ಟಡಗಳು ಏಳುತ್ತಿದ್ದ ಕಾಲ ಅದು. ಸಾಫ್ಟ್‌ವೇರ್ ಕಂಪನಿಗಳೂ ತಂಡ ಕಟ್ಟಿಕೊಂಡು ನಮ್ಮ ಲೀಗಿಗೆ ಬಂದಿದ್ದವು. ವಯಸ್ಸಿನ ಮಿತಿ ಮುಟ್ಟಿದ್ದ ದೇವೇಂದ್ರಪ್ಪನವರಿಗೆ ಕೊನೆಯ ಸೀಸನ್. ಅಷ್ಟು ವರ್ಷದಲ್ಲಿ ಒಮ್ಮೆಯೂ ಫೈನಲ್ ಪಂದ್ಯಕ್ಕೆ ಸೀಟಿ ಊದಿರಲಿಲ್ಲ. ಈ ಸಲ ಅವರಿಗೇ ಎಂದು ಕಮಿಟಿ ಮಾತು ಕೊಟ್ಟಿತ್ತು.

ಉಪ್ಪಲ್‌ನಲ್ಲಿ ಸೆಮಿಫೈನಲ್. ಸಾಫ್ಟ್‌ವೇರ್ ತಂಡದ ಎದುರು ನಾಚಾರಂನ ಕಾರ್ಖಾನೆ ತಂಡ. ಕಾರ್ಖಾನೆಯ ಹುಡುಗನೊಬ್ಬ ಎದುರಾಳಿಗಳೆಲ್ಲರಿಗಿಂತ ಮುಂದೆ, ಗೋಲಿನ ಹತ್ತಿರ ನಿಂತು ಕಾಲಿಗೆ ಚೆಂಡು ಪಡೆದ. ಆಫ್‌ಸೈಡ್ ಎಂದು ನಾನು ಬಾವುಟ ಎತ್ತಿದೆ. ರೆಫ್ರಿ ಕೈಬೀಸಿದರು. ಗೋಲಾಯಿತು. ನಾನು ಬಾವುಟ ಇಳಿಸಲಿಲ್ಲ. ಇವತ್ತು ಕಾರಣ ಕೇಳಿಯೇ ಬಿಡುವುದು ಎಂದುಕೊಂಡೆ.

ಅವರು ನಗುತ್ತ ಬಂದರು. "ಝಂಡಾ ಇಳಸಲೇ."

"ಕಾರಣ ಹೇಳ್ರಿ, ಇಳಸ್ತೀನಿ."

"ಮಂದಿ ನೋಡಾಕತ್ತೈತಿ."

"ನೋಡ್ಲಿ ಬಿಡ್ರಿ! ಕಾರ್ಖಾನಿ ಟೀಮ್ ಅಂದ್ರ ನಿಮ್ಮ ಸೀಟಿ ಊದೂದಿಲ್ಲೇನು?"

ಇದನ್ನು ಕೂಗಿಯೇ ಹೇಳಿದೆ. ಇಬ್ಬರೂ ಒಂದನ್ನು ಮರೆತಿದ್ದೆವು. ಪಕ್ಕದ ಕಟ್ಟಡದ ಕೆಲಸಕ್ಕೆ ಕಲಬುರಗಿ ಕಡೆಯಿಂದ ಬಂದವರು ಕಾಂಪೌಂಡಿನ ಮೇಲೆ ಸಾಲಾಗಿ ಕೂತಿದ್ದರು. ಒಬ್ಬ ಬಿದ್ದು ಬಿದ್ದು ನಕ್ಕು, ಮೈದಾನಕ್ಕೆಲ್ಲ ಕೇಳುವಂತೆ ಹಿಂದಿಗೆ ಇಳಿಸಿದ: "ಅರೇ ಭೈ, ಲೈನ್‌ಮನ್ ಬೋಲ್ರಾ, ರೆಫ್ರಿ ಕಾರ್ಖಾನೇವಾಲೋಂಕಾ ಆದ್ಮೀ ಹೈ!"

ರೆಫ್ರಿ ಕಾರ್ಖಾನೆಯವರ ಮನುಷ್ಯ ಎಂದು ಕೇಳಿದ್ದೇ ಸಾಫ್ಟ್‌ವೇರ್ ತಂಡ ನುಗ್ಗಿತು. ದೇವೇಂದ್ರಪ್ಪನವರ ಕಾಲರು ಯಾರದೋ ಮುಷ್ಟಿಯಲ್ಲಿತ್ತು. ಆ ನೂಕಾಟದಲ್ಲೇ ನನ್ನತ್ತ ತಿರುಗಿ, ಮೊದಲ ಬಾರಿಗೆ ಕಾರಣ ಹೇಳಿದರು: "ಚೆಂಡು ಸಾಫ್ಟ್‌ವೇರ್‌ನವರ ಡಿಫೆಂಡರನೇ ಹಿಂದಕ್ಕ ಒದ್ದಿದ್ದೋ ತಮ್ಮಾ."

ಎದುರಾಳಿಯೇ ಬೇಕೆಂದು ಒದ್ದ ಚೆಂಡಾದರೆ ಆಫ್‌ಸೈಡ್ ಇಲ್ಲ. ತಕ್ಷಣ ನನಗೆ ಆ ಡಿಫೆಂಡರನ ಕಾಲು, ಹೊಸ ಬೂಟು ನೆನಪಾಯಿತು. ನೋಡಿದ್ದೆ. ಲೆಕ್ಕಕ್ಕೆ ಹಿಡಿದಿರಲಿಲ್ಲ.

ಸೋತವರು ದೂರು ಕೊಟ್ಟರು. ಕಮಿಟಿಯವರು ಮೊದಲು ದೇವೇಂದ್ರಪ್ಪನವರನ್ನು ಕೇಳಿದರು. "ಹುಡುಗ ಕಾರಣ ಕೇಳ್ದ ಸರ್. ಕೇಳೂದು ಅವನ ಹಕ್ಕು" ಎಂದಷ್ಟೇ ಹೇಳಿ ಕೂತರು. ನನ್ನ ಮೇಲೆ ಒಂದು ಮಾತಿಲ್ಲ. ಆಮೇಲೆ ನನ್ನ ಸರದಿ. ಚೆಂಡು ಯಾರ ಕಾಲಿನಿಂದ ಬಂತು? ಒಂದೇ ಪದದ ಉತ್ತರ. ನಾನು ಹೇಳಿದ್ದು: "ಎರಡೂ ರೀತಿ ವಾದಿಸಬಹುದು, ಸರ್."

ಫೈನಲ್ ಬೇರೊಬ್ಬರಿಗೆ ಹೋಯಿತು. ದೇವೇಂದ್ರಪ್ಪನವರು ಜಗಳವಾಡಲಿಲ್ಲ. ತಪ್ಪೊಪ್ಪಿಕೊಂಡಂತೆಯೇ ಆಯಿತಲ್ಲ ಎಂದು ನನ್ನೊಳಗೆ ನಾನೇ ಒಂದು ಅಂಕ ಗಳಿಸಿಕೊಂಡೆ.

ಎಷ್ಟೋ ತಿಂಗಳ ಮೇಲೆ ಉಪ್ಪಲ್ ಬಸ್ಸಿನಲ್ಲಿ ಸಿಕ್ಕರು. ಕಣ್ಣಿಗೆ ಹೊಸ ಕನ್ನಡಕ. ಪಕ್ಕದಲ್ಲಿ ಜಾಗ ಮಾಡಿಕೊಟ್ಟರು.

"ಡಾಕ್ಟರು ಚಸ್ಮಾ ಬ್ಯಾಡ ಅಂದ್ರು. ನಾನ ಹಟ ಮಾಡಿ ಮಾಡಿಸ್ಕೊಂಡೆ" ಎಂದರು. "ಅವತ್ತು ನಿನ್ನ ಝಂಡಾ ಒಂದೀಟೂ ಅಲುಗಲಿಲ್ಲ ನೋಡು. ಹುಡುಗನ ಕಣ್ಣು ಚುರುಕು, ನಂದ ಹೋಗೇತಿ ಅನಿಸ್ತು. ಅದಕ್ಕ ಕಮಿಟಿ ಮುಂದ ಸುಮ್ಮನಾದೆ."

"ನೀವು ನೋಡಿದ್ದ ಖರೇ ಇತ್ತ್ರಿ" ಎಂದೆ.

"ಯಾವಾಗ ತಿಳೀತು?"

"ಅವತ್ತ. ಮೈದಾನದಾಗ."

ಬೈಯುತ್ತಾರೆಂದು ಕಾದೆ. ಅವರು ಕನ್ನಡಕ ತೆಗೆದು ಅಂಗಿಯ ಜೇಬಿಗೆ ಹಾಕಿ, ಎದ್ದು, "ನನ್ನ ಸ್ಟಾಪ್ ಬಂತು" ಎಂದು ಇಳಿದರು.

ಅವರ ಮನೆ ಇನ್ನೂ ನಾಲ್ಕು ಸ್ಟಾಪ್ ಮುಂದಿತ್ತು.