ಕೊಂಡಿಯ ಮೇಲೆ ನೂರ ನಲವತ್ತು ಕಿಲೋ

ನಸೀಮಾ ವಿಮಾನ ನಿಲ್ದಾಣದ ಸರಕಿನ ಶೆಡ್ಡಿಗೆ ಕೆಲಸಕ್ಕೆ ಹೋಗುತ್ತಾಳೆಂಬುದು ಕೋಗಿಲು ಬಡಾವಣೆಯ ಅವಳ ಬೀದಿಗೆಲ್ಲ ಗೊತ್ತಿತ್ತು. ಅಲ್ಲಿ ಅವಳು ಮಾಡುವುದೇನು ಎಂಬುದು ಮಾತ್ರ ಮನೆಯವರಿಗೂ ಸರಿಯಾಗಿ ಗೊತ್ತಿರಲಿಲ್ಲ. "ಪೆಟ್ಟಿಗೆ ಎತ್ತಿಡೋ ಕೆಲಸ" ಎಂದು ತಮ್ಮ ನಾಸಿರ್ ಹೇಳುತ್ತಿದ್ದ. ಆರ್.ಟಿ. ನಗರದಲ್ಲಿ ಕಾರಿನ ಸೀಟುಗಳಿಗೆ ಕವರು ಹೊಲಿಯುವ ಅಂಗಡಿ ಇಟ್ಟಿದ್ದ ಗಂಡ ವಾಜಿದ್, ಗಿರಾಕಿಗಳ ಮುಂದೆ "ಏರ್‌ಪೋರ್ಟ್‌ನಲ್ಲಿ ಆಫೀಸು" ಎಂದು ಸ್ವಲ್ಪ ಏರಿಸಿ ಹೇಳುತ್ತಿದ್ದ.

ಎರಡೂ ನಿಜವಲ್ಲ. ಹದಿನಾರು ವರ್ಷದ ಹಿಂದೆ ಗುಲಾಬಿ ಹೂವಿನ ಪೆಟ್ಟಿಗೆಗಳಿಗೆ ಚೀಟಿ ಅಂಟಿಸಲು ಸೇರಿದವಳು ಅವಳು. ಆಮೇಲೆ ಸರಕಿನ ಬಂಡಿಗಳನ್ನು ಸಾಲಾಗಿ ಎಳೆಯುವ ಪುಟ್ಟ ಟ್ರ್ಯಾಕ್ಟರು ಓಡಿಸುವುದನ್ನು ಕಲಿತಳು. ಈಗ ವಿಮಾನದ ಹೊಟ್ಟೆಗೆ ಹೋಗುವ ಪ್ರತಿಯೊಂದು ಹೊರೆಯ ತೂಕ ನೋಡಿ, ಅದನ್ನು ಕಟ್ಟಿದ ರೀತಿ ನೋಡಿ, ಸರಿಯಿದ್ದರೆ ಸಹಿ ಹಾಕುವುದು ಅವಳ ಕೆಲಸ. ಎಷ್ಟು ಭಾರ ಇದೆ ಎಂಬುದು ಮೊದಲನೆಯ ಪ್ರಶ್ನೆ. ಆ ಭಾರ ಎಲ್ಲಿ ಕೂತಿದೆ ಎಂಬುದು ಅದಕ್ಕಿಂತ ದೊಡ್ಡ ಪ್ರಶ್ನೆ. ಇದನ್ನು ಅವಳು ಮನೆಯಲ್ಲಿ ಎರಡು ಮೂರು ಸಲ ಹೇಳಲು ಹೋಗಿದ್ದುಂಟು. ಯಾರೂ ಕಿವಿಗೊಟ್ಟಿರಲಿಲ್ಲ.

ಅವಳ ತಾಯಿ ಕುಬ್ರಾ ಬೀ ಜಾರಿ ಬಿದ್ದು ಸೊಂಟದ ಆಪರೇಷನ್ ಆಗಿ ಮೂರು ವರ್ಷವಾಗಿತ್ತು. ವಾಕರ್ ಹಿಡಿದು ಮನೆಯೊಳಗೆ ಓಡಾಡುತ್ತಿದ್ದರು, ಅಷ್ಟೇ. ಬಸ್ಸು ಹತ್ತಲಾರರು, ನೆಲದ ಪಾಯಿಖಾನೆಯಲ್ಲಿ ಕೂರಲಾರರು. ಅದೊಂದೇ ಕಾರಣಕ್ಕೆ ನೆಂಟರ ಎರಡು ಮದುವೆ ತಪ್ಪಿಸಿಕೊಂಡಿದ್ದರು. ಅಷ್ಟರಲ್ಲಿ ದಾವಣಗೆರೆಯಲ್ಲಿದ್ದ ಅವರ ತಂಗಿ ಅನೀಸಾ ಫೋನ್ ಮಾಡಿ, ತಮ್ಮ ಮೊಮ್ಮಗಳು ರುಖ್ಸಾರ್‌ಳ ಮದುವೆ ಗೊತ್ತಾಯಿತೆಂದು ತಿಳಿಸಿದರು.

"ಈ ಸಲ ನಾನು ಹೋಗೇ ಹೋಗ್ತೀನಿ" ಎಂದರು ಅಮ್ಮಿ. "ಹೇಗೆ ಅಂತ ನೀವು ಯೋಚನೆ ಮಾಡಿ."

ದಾರಿ ತೋರಿಸಿದವನು ನಾಸಿರ್. ಕೋಗಿಲಿನಲ್ಲೇ ಅವನ ವೆಲ್ಡಿಂಗ್ ಶೆಡ್ಡು. ಜ್ಯೂಸ್ ಗಾಡಿ, ದೋಸೆ ಗಾಡಿ ಕಟ್ಟಿಕೊಡುತ್ತಿದ್ದ. ಯಾರೋ ಗಿರಾಕಿ ಕೇಳಿದರೆಂದು ಪಿಕಪ್ಪಿನ ಹಿಂದೆ ಎಳೆದುಕೊಂಡು ಹೋಗುವ ಪ್ರವಾಸದ ಟ್ರೇಲರೊಂದನ್ನು ಕಟ್ಟಿದ್ದ. ಒಳಗೆ ಮಂಚ, ಪುಟ್ಟ ಅಡುಗೆಮನೆ, ಕಮೋಡಿದ್ದ ಬಚ್ಚಲು. ಕಾಗದಪತ್ರವೆಲ್ಲ ಆದಮೇಲೆ ಗಿರಾಕಿ ಬೇಡವೆಂದುಬಿಟ್ಟಿದ್ದರು. ಅದು ಶೆಡ್ಡಿನಲ್ಲಿ ಧೂಳು ಹಿಡಿದು ನಿಂತಿತ್ತು.

"ಅಮ್ಮಿ, ನಿಮ್ಮ ಬಚ್ಚಲು ನಿಮ್ಮ ಹಿಂದೇನೇ ಬರುತ್ತೆ" ಎಂದ ನಾಸಿರ್. ಮೂರು ವರ್ಷದಲ್ಲಿ ಅಮ್ಮಿ ಅಷ್ಟು ಜೋರಾಗಿ ನಕ್ಕಿದ್ದನ್ನು ಯಾರೂ ಕೇಳಿರಲಿಲ್ಲ.

ಮದುವೆಗೆ ವಾರವಿರುವಾಗಲೇ ಟ್ರೇಲರು ತುಂಬತೊಡಗಿತು. ಮದುಮಗಳಿಗೆ ಕೊಡಲು ಉಕ್ಕಿನ ಬೀರು. ಬಿರಿಯಾನಿ ಬೇಯಿಸಲು ಅಮ್ಮಿಯ ತಾಯಿಯ ಕಾಲದ ಎರಡು ತಾಮ್ರದ ದೇಗುಗಳು. ಅವುಗಳಲ್ಲೇ ಅಡುಗೆಯಾಗಬೇಕೆಂದು ಅಮ್ಮಿ ತಂಗಿಗೆ ಮಾತು ಕೊಟ್ಟಿದ್ದರು. ಬಟ್ಟೆಯ ಟ್ರಂಕು, ಹಾಸಿಗೆಗಳು, ಗ್ಯಾಸ್ ಒಲೆ, ಸಿಲಿಂಡರು. ನೀರಿನ ಟ್ಯಾಂಕು ಇನ್ನೂರು ಲೀಟರಿನದು, ಅದನ್ನೂ ಭರ್ತಿ ಮಾಡಿದ್ದಾಯಿತು. ಬಾಗಿಲು ಹಿಂಬದಿಯಲ್ಲಿದ್ದುದರಿಂದ ಭಾರದ್ದೆಲ್ಲ ಹಿಂದೆಯೇ ಕೂತಿತು.

ಭಾನುವಾರ ಬೆಳಿಗ್ಗೆ ಓಡಿಸಿ ನೋಡಲು ಹೊರಟರು. ನಾಸಿರ್ ತನ್ನ ಎರಡು ಸಾಲು ಸೀಟಿನ ಪಿಕಪ್ ಓಡಿಸುತ್ತಿದ್ದ, ಪಕ್ಕದಲ್ಲಿ ನಸೀಮಾ, ಹಿಂದೆ ವಾಜಿದ್. ಯಲಹಂಕ ದಾಟಿ ದೊಡ್ಡಬಳ್ಳಾಪುರದ ರಸ್ತೆಗೆ ಬಿದ್ದು ವೇಗ ಅರವತ್ತೈದು ಮುಟ್ಟುವವರೆಗೆ ಎಲ್ಲ ಚೆನ್ನಾಗಿತ್ತು. ಆಗ ಬಸ್ಸೊಂದು ಬರ್ರನೆ ಹಿಂದಿಕ್ಕಿ ಹೋಯಿತು. ಟ್ರೇಲರಿನ ಹಿಂಭಾಗ ಎಡಕ್ಕೆ ಹೊರಳಿತು, ಬಲಕ್ಕೆ ಹೊರಳಿತು, ಮತ್ತೆ ಎಡಕ್ಕೆ ಇನ್ನೂ ಜೋರಾಗಿ. ಪಿಕಪ್ಪಿನ ಬೆನ್ನನ್ನು ಯಾರೋ ಹಿಡಿದು ಅಲ್ಲಾಡಿಸಿದಂತಾಯಿತು. ನಾಸಿರ್ ಬ್ರೇಕ್ ಒತ್ತಿದ. ಹೊರಳಾಟ ಇಮ್ಮಡಿಯಾಯಿತು.

"ಬ್ರೇಕ್ ಬಿಡು! ಆಕ್ಸಿಲರೇಟರ್‌ನಿಂದ ಕಾಲು ತೆಗಿ, ಸ್ಟೇರಿಂಗ್ ನೆಟ್ಟಗೆ ಹಿಡ್ಕೋ!" ನಸೀಮಾ ಕೂಗಿದಳು.

ವೇಗ ತಾನಾಗಿ ಇಳಿದು, ಟ್ರೇಲರಿನ ಒಂದು ಚಕ್ರ ಟಾರಿನ ಅಂಚು ಬಿಟ್ಟು ಮಣ್ಣಿಗೆ ಇಳಿದ ಮೇಲೆ ಗಾಡಿ ನಿಂತಿತು. ಹಿಂದಿನ ಸೀಟಿನಲ್ಲಿ ವಾಜಿದ್ ಕಣ್ಣು ಮುಚ್ಚಿ ದುವಾ ಹೇಳುತ್ತಿದ್ದ.

"ರಸ್ತೆ ಸರಿ ಇಲ್ಲ" ಎಂದ ನಾಸಿರ್.

"ರಸ್ತೆಗೇನೂ ಆಗಿಲ್ಲ. ಮುಂದೆ ಲಾರಿ ತೂಗೋ ವೇಬ್ರಿಡ್ಜ್ ಇದೆ. ಮೆಲ್ಲಗೆ ಅಲ್ಲಿಗೆ ನಡಿ."

ವೇಬ್ರಿಡ್ಜ್ ನೋಡಿಕೊಳ್ಳುತ್ತಿದ್ದವರು ಬೈರಣ್ಣ ಎಂಬ ಅರವತ್ತು ದಾಟಿದ ಮನುಷ್ಯ. ಜಲ್ಲಿ ಲಾರಿ, ಮರಳು ಲಾರಿ ಬಿಟ್ಟು ಬೇರೇನೂ ಆ ತಟ್ಟೆಯ ಮೇಲೆ ಹತ್ತಿದ್ದನ್ನು ಕಾಣದ ಅವರು ಗುಡಿಸಲಿನಿಂದ ಎದ್ದು ಬಂದರು. "ಏನಮ್ಮಾ ಇದು, ಮನೆಗೇ ಚಕ್ರ ಕಟ್ಕಂಡು ಒಂಟಿದೀರಾ?"

ನಸೀಮಾ ಪಿಕಪ್ಪನ್ನು ಬಿಚ್ಚಿಸಿ ಆಚೆ ನಿಲ್ಲಿಸಿ, ಟ್ರೇಲರ್ ಒಂದನ್ನೇ ತೂಗಿಸಿದಳು. ಸಾವಿರದ ಏಳುನೂರ ಇಪ್ಪತ್ತು ಕಿಲೋ. ಟ್ರೇಲರಿನ ಬಾಗಿಲ ಪಕ್ಕ ಬಡಿದಿದ್ದ ತಗಡಿನಲ್ಲಿ ಗರಿಷ್ಠ ಸಾವಿರದ ಐನೂರು ಎಂದಿತ್ತು.

"ಅದಕ್ಕೇನಂತೆ?" ಎಂದ ನಾಸಿರ್. "ಈ ಪಿಕಪ್ ಎರಡೂವರೆ ಟನ್ ಎಳೆಯುತ್ತೆ ಆಪಾ."

"ಪಿಕಪ್ ಎಳೆಯುತ್ತೆ. ಹೊರಬೇಕಾದ್ದು ನಿನ್ನ ಟ್ರೇಲರಿನ ಅಚ್ಚು, ನಿನ್ನ ಟೈರು. ಅವು ಹೊರೋದು ಒಂದೂವರೆ ಟನ್ನೇ."

ಆಮೇಲೆ ಪಿಕಪ್ಪಿಗೆ ಮತ್ತೆ ಕೊಂಡಿ ಹಾಕಿಸಿ, ಟ್ರೇಲರಿನ ಚಕ್ರಗಳು ಮಾತ್ರ ತಟ್ಟೆಯ ಮೇಲೆ ನಿಲ್ಲುವಂತೆ ಮಾಡಿಸಿದಳು. ಸಾವಿರದ ಆರುನೂರ ಎಂಬತ್ತು.

"ಕಮ್ಮಿಯಾದ ನಲವತ್ತು ಕಿಲೋ ಎಲ್ಲೋಯ್ತು?" ಬೈರಣ್ಣ ಕೇಳಿದರು.

"ಅದು ಕೊಂಡಿ ಮೇಲೆ ಕೂತಿದೆ ಬೈರಣ್ಣೋರೆ. ನಮ್ಮ ರೋಗ ಇರೋದೇ ಅಲ್ಲಿ."

"ಕೊಂಡಿ ಮೇಲೆ ಭಾರ ಕಮ್ಮಿ ಇದ್ರೆ ಒಳ್ಳೇದೇ ಅಲ್ವಾ?" ನಾಸಿರ್ ಬಿಡಲಿಲ್ಲ.

"ಅಲ್ಲ ಕಣೋ. ಮೂತಿ ಹಗುರ ಆದ್ರೆ ಬಾಲ ಕುಣಿಯುತ್ತೆ. ಒಟ್ಟು ತೂಕದಲ್ಲಿ ಹೆಚ್ಚುಕಮ್ಮಿ ಹತ್ತರಲ್ಲಿ ಒಂದು ಪಾಲು ಕೊಂಡಿ ಮೇಲೆ ಕೂರ್ಬೇಕು, ಆಗ ಗಾಡಿ ನೆಟ್ಟಗೆ ಹಿಂದೆ ಬರುತ್ತೆ. ಹಾಗಂತ ಜಾಸ್ತಿ ಹೇರಿದ್ರೆ ಪಿಕಪ್ಪಿನ ಹಿಂಭಾಗ ಕುಸಿದು, ಮುಂದಿನ ಚಕ್ರಕ್ಕೆ ಹಿಡಿತ ಇರಲ್ಲ. ನಿನ್ನ ಕೊಂಡಿ ಮೇಲೆ ಎಷ್ಟು ಅಂತ ಕೊರೆದಿದ್ದಾರೆ?"

ನಾಸಿರ್ ಬಗ್ಗಿ ನೋಡಿದ. "ನೂರೈವತ್ತು."

"ಹಾಗಾದ್ರೆ ನಮಗೆ ಬೇಕಾದ್ದು ನೂರ ನಲವತ್ತು."

ಮನೆಗೆ ಬಂದಮೇಲೆ ನಾಸಿರ್ ತನ್ನ ತೀರ್ಪು ಹೇಳಿದ: ಬೀರು ಬೇಡ, ದೇಗು ಬೇಡ, ಎಲ್ಲ ಇಳಿಸಿಬಿಡೋಣ. ವಾಜಿದ್ ಒಂದು ಹೆಜ್ಜೆ ಮುಂದೆ ಹೋಗಿ, ಪ್ರಯಾಣವೇ ಬೇಡ ಎಂದ. ಅಮ್ಮಿ ಕುರ್ಚಿಯಲ್ಲಿ ಕೂತು ಎಲ್ಲವನ್ನೂ ಕೇಳಿಸಿಕೊಂಡರು.

"ಅಷ್ಟು ಭಾರ ಆದ್ರೆ ನನ್ನನ್ನೇ ಬಿಟ್ಟು ಹೋಗಿ" ಎಂದರು. "ನಾನೂ ಎಂಬತ್ತು ಕಿಲೋ ಇದ್ದೀನಿ."

ನಸೀಮಾಳಿಗೆ ಸಿಟ್ಟು ಬಂತು. ದಿನಾ ವಿಮಾನಗಳಿಗೆ ಹೊರೆ ಹತ್ತಿಸಿ ಕಳಿಸುವವಳು ತಾನು. ತನ್ನ ತಾಯಿಯನ್ನು ದಾವಣಗೆರೆಗೆ ಮುಟ್ಟಿಸಲಾರೆನೆ?

"ಯಾರನ್ನೂ ಬಿಡೋದಿಲ್ಲ, ಬೀರೂನೂ ಬಿಡೋದಿಲ್ಲ" ಎಂದಳು. "ನನಗೆ ಮೂರು ಸಂಜೆ ಕೊಡಿ. ಆದ್ರೆ ನಾನು ಹೇಳಿದ್ದನ್ನ ಹೇಳಿದ ಹಾಗೇ ಮಾಡ್ಬೇಕು."

ಮರುದಿನ ಡ್ಯೂಟಿ ಮುಗಿಸಿ ನೇರ ಶೆಡ್ಡಿಗೆ ಬಂದಳು. ಟ್ರೇಲರಿನಲ್ಲಿದ್ದುದನ್ನೆಲ್ಲ ಅಂಗಳಕ್ಕೆ ಇಳಿಸಿದರು. ಗುಜರಿ ಅಂಗಡಿಯಿಂದ ತಂದ ಕೊಕ್ಕೆ ತಕ್ಕಡಿಗೆ ಒಂದೊಂದನ್ನೂ ನೇತುಹಾಕಿ ತೂಕ ಬರೆದಳು. ಬೀರು ತೊಂಬತ್ತು. ದೇಗು ಎರಡೂ ಸೇರಿ ಎಪ್ಪತ್ತು. ಟ್ರಂಕು ಅರವತ್ತು. ಟ್ರೇಲರಿನ ಅಳತೆಯನ್ನು ಶೆಡ್ಡಿನ ನೆಲದ ಮೇಲೆ ಸುಣ್ಣದ ಕಡ್ಡಿಯಲ್ಲಿ ಬರೆದು, ನಡುವೆ ಚಕ್ರಗಳ ಅಚ್ಚಿನ ಗೆರೆ ಎಳೆದಳು.

ಮೊದಲು ನೀರು. "ಇನ್ನೂರು ಲೀಟರ್ ಅಂದ್ರೆ ಇನ್ನೂರು ಕಿಲೋ. ದಾವಣಗೆರೆಯಲ್ಲಿ ನೀರಿಲ್ವಾ? ದಾರಿಗೆ ಮೂವತ್ತು ಲೀಟರ್ ಸಾಕು." ನಲ್ಲಿ ತಿರುಗಿಸಿದಾಗ ನೂರ ಎಪ್ಪತ್ತು ಕಿಲೋ ನೀರು ಚರಂಡಿಯ ಪಾಲಾಗದೆ ಪಕ್ಕದ ಮನೆಯವರ ಡ್ರಮ್ಮುಗಳಿಗೆ ಹೋಯಿತು. ಆಮೇಲೆ ಅಡುಗೆಕಟ್ಟೆಯ ಗ್ರಾನೈಟ್ ಕಲ್ಲು. ಅದರ ನುಣುಪನ್ನು ನಾಸಿರ್ ಬಂದವರಿಗೆಲ್ಲ ಮುಟ್ಟಿ ತೋರಿಸುತ್ತಿದ್ದ.

"ಇದು ನಲವತ್ತು ಕಿಲೋ" ಎಂದಳು ಅಕ್ಕ.

ನಾಸಿರ್ ಬಹಳ ಹೊತ್ತು ಕಲ್ಲನ್ನು ನೋಡಿದ. ಮಾರನೆಯ ಸಂಜೆ ಅವಳು ಬರುವಷ್ಟರಲ್ಲಿ ತಾನೇ ಅದನ್ನು ಕಿತ್ತು, ತೆಳು ಹಲಗೆ ಕೂರಿಸಿದ್ದ. ತಕ್ಕಡಿಗೆ ಹಾಕಿದರೆ ಹಲಗೆ ಎರಡು ಕಿಲೋನೂ ತೂಗಲಿಲ್ಲ.

ದೇಗುಗಳು ಪಿಕಪ್ಪಿನ ಬೆನ್ನಿಗೆ ಹೋದವು. ಬೀರುವನ್ನು ಅಡ್ಡ ಮಲಗಿಸಿ ಅಚ್ಚಿನ ಗೆರೆಗಿಂತ ಸ್ವಲ್ಪ ಮುಂದೆ ನೆಲಕ್ಕೆ ಬಿಗಿದರು. ಟ್ರಂಕು ಅದರ ಮುಂದೆ, ಹಾಸಿಗೆಗಳು ಮಾತ್ರ ಹಿಂದೆ. ಬಿಗಿಯುವ ಪಟ್ಟಿಗಳನ್ನು ವಾಜಿದ್ ತನ್ನ ಅಂಗಡಿಯ ಗಟ್ಟಿ ದಾರದಲ್ಲಿ ಹೊಲಿದು ತಂದ. ಹೆಂಡತಿ ಗೆರೆ ಅಳೆದು, ಪಟ್ಟಿ ಜಗ್ಗಿ ನೋಡಿ, "ಇನ್ನೂ ನಾಲ್ಕು ಬೆರಳು ಮುಂದೆ" ಎನ್ನುವುದನ್ನು ನಿಂತು ನೋಡಿದ. "ನೀನು ಅಲ್ಲಿ ಮಾಡೋದು ಇದೇನಾ?" ಎಂದು ಕೇಳಿದ.

"ಇದೇ ರೀ. ಅಲ್ಲಿ ಗಾಡಿಗೆ ರೆಕ್ಕೆ ಇರುತ್ತೆ, ಅಷ್ಟೇ."

ಗುರುವಾರ ಮತ್ತೆ ಬೈರಣ್ಣನವರ ತಟ್ಟೆ. ನಸೀಮಾಳ ಲೆಕ್ಕದಲ್ಲಿ ಸಾವಿರದ ನಾನೂರ ನಲವತ್ತು ಬರಬೇಕಿತ್ತು. ಬಂದದ್ದು ಸಾವಿರದ ನಾನೂರ ತೊಂಬತ್ತು.

"ಒಂದೂವರೆ ಟನ್ನಿನ ಒಳಗೇ ಇದೆಯಲ್ಲ ಆಪಾ, ಹೋಗೋಣ" ಎಂದ ನಾಸಿರ್.

"ಐವತ್ತು ಕಿಲೋ ಎಲ್ಲಿಂದ ಬಂತು ಅಂತ ಗೊತ್ತಾಗೋವರ್ಗೂ ಈ ಗಾಡಿ ಅಲ್ಲಾಡಲ್ಲ."

"ನನ್ ತಟ್ಟೆ ಸುಳ್ ಏಳಲ್ಲ ಕಣಮ್ಮ" ಬೈರಣ್ಣ ಸ್ವಲ್ಪ ಬಿಗುವಾಗಿ ಹೇಳಿದರು.

"ನಿಮ್ಮ ತಟ್ಟೆ ಮೇಲೆ ಅನುಮಾನ ಇಲ್ಲ ಬೈರಣ್ಣೋರೆ. ನಮ್ಮ ಮನೆಯವರ ಮೇಲೆ."

ಒಳಗೆ ಹೋಗಿ ಹಾಸಿಗೆ ಎತ್ತಿದಳು, ಮಂಚದ ಹಲಗೆ ಸರಿಸಿದಳು. ಟ್ರೇಲರಿನ ತೀರಾ ಹಿಂದಿನ ಮೂಲೆಯಲ್ಲಿ, ಹಳೇ ಸೀರೆ ಹೊದೆದುಕೊಂಡು, ಬಾಸ್ಮತಿ ಅಕ್ಕಿಯ ಇಡೀ ಮೂಟೆ ಕೂತಿತ್ತು. ಅಲ್ಲಿಂದಲೇ ಮನೆಗೆ ಫೋನ್ ಹೋಯಿತು.

"ಅಮ್ಮಿ, ಅಕ್ಕಿ ಯಾರು ಇಟ್ಟಿದ್ದು?"

"ದೇಗು ಕೊಟ್ಟು ಅಕ್ಕಿ ಕೊಡದೆ ಇರೋದು ಚೆನ್ನಾಗಿರುತ್ತಾ? ಅಂಗಡಿಯವನ ಕೈಲಿ ಇಡಿಸ್ದೆ. ಅಷ್ಟು ದೊಡ್ಡ ಗಾಡಿಗೆ ಒಂದು ಮೂಟೆ ಯಾವ ಲೆಕ್ಕ ಅಂತ..."

ಬೈರಣ್ಣ ಹೊಟ್ಟೆ ಹಿಡಿದುಕೊಂಡು ನಕ್ಕರು. ಮೂಟೆ ದೇಗುಗಳ ಪಕ್ಕಕ್ಕೆ ಹೋಯಿತು. ಮತ್ತೆ ತೂಗಿದಾಗ ಸಾವಿರದ ನಾನೂರ ನಲವತ್ತು. ಕೊಂಡಿ ಹಾಕಿ ಚಕ್ರಗಳನ್ನು ಮಾತ್ರ ತೂಗಿದಾಗ ಸಾವಿರದ ಮುನ್ನೂರು. ನಾಸಿರ್ ಕಳೆದು ನೋಡಿ, ಬಾಯಲ್ಲೇ ಎರಡು ಸಲ ಹೇಳಿಕೊಂಡ: ನೂರ ನಲವತ್ತು. ಕೊನೆಗೆ ಎರಡು ಗಾಡಿಯನ್ನೂ ಒಟ್ಟಿಗೆ ತೂಗಿಸಿ, ಅಮ್ಮಿಯ ಎಂಬತ್ತು ಕಿಲೋ ಕೂಡಿಸಿ, ಪಿಕಪ್ಪಿನ ಪುಸ್ತಕದಲ್ಲಿದ್ದ ಒಟ್ಟು ಮಿತಿಗೆ ಹೋಲಿಸಿದಳು. ನಾನೂರು ಕಿಲೋ ಇನ್ನೂ ಬಾಕಿ ಉಳಿದಿತ್ತು.

"ನಲವತ್ತು ವರ್ಸದಿಂದ ಲಾರಿ ತೂಗ್ತಾ ಇವ್ನಿ" ಎಂದರು ಬೈರಣ್ಣ. "ಬಂದೋರೆಲ್ಲ ಎಷ್ಟೈತೆ ಅಂತ ಕೇಳ್ತಾರೆ. ಎಲ್ಲೈತೆ ಅಂತ ಕೇಳ್ದೋರು ನೀವೊಬ್ರೇ ಕಣಮ್ಮ. ಓಗ್ಬನ್ನಿ."

ಶುಕ್ರವಾರ ಬೆಳಗಿನ ನಮಾಜು ಮುಗಿಸಿ ಹೊರಟಾಗ ಪಿಕಪ್ಪಿನ ಕೀಲಿಯನ್ನು ನಾಸಿರ್ ತಾನಾಗಿ ಅಕ್ಕನ ಕೈಗಿಟ್ಟ. ಟ್ರೇಲರಿನ ಮಂಚದಲ್ಲೇ ಮಲಗಿಕೊಂಡು ಬರುತ್ತೇನೆಂದು ಅಮ್ಮಿ ಹಟ ಹಿಡಿದರು.

"ಓಡೋವಾಗ ಅದರೊಳಗೆ ಯಾರೂ ಇರೋ ಹಾಗಿಲ್ಲ ಅಮ್ಮಿ. ನೀವು ಇಲ್ಲಿ, ಬೆಲ್ಟ್ ಹಾಕ್ಕೊಂಡು. ನೀವು ಹೇಳಿದ ಕಡೆ ನಿಲ್ಲಿಸ್ತೀನಿ."

ದಾಬಸ್‌ಪೇಟೆಯಲ್ಲಿ ಹೆದ್ದಾರಿ ಹಿಡಿದರು. ನಸೀಮಾ ವೇಗವನ್ನು ಅರವತ್ತರ ಮೇಲೆ ಹೋಗಗೊಡಲಿಲ್ಲ. ಸಿರಾ ದಾಟಿದ ಮೇಲೆ ಪೆಟ್ರೋಲ್ ಬಂಕೊಂದರಲ್ಲಿ ನಿಲ್ಲಿಸಿದಾಗ, ಅಮ್ಮಿ ವಾಕರ್ ಹಿಡಿದು ಮಗಳ ಆಸರೆಯಲ್ಲಿ ಟ್ರೇಲರ್ ಹತ್ತಿ, ತಮ್ಮದೇ ಬಚ್ಚಲಿಗೆ ಹೋಗಿ, ಮುಖ ತೊಳೆದುಕೊಂಡು, ಪಕ್ಕದಲ್ಲಿ ನಿಂತಿದ್ದ ದೊಡ್ಡ ಕಾರಿನವರ ಕಡೆ ಒಂದು ನೋಟ ಬೀರಿ ಇಳಿದರು.

ಹಿರಿಯೂರಿನಾಚೆ ಗಾಳಿ ಶುರುವಾಯಿತು. ಚಿತ್ರದುರ್ಗದ ಗುಡ್ಡಗಳ ಮೇಲೆ ಗಾಳಿಯಂತ್ರಗಳು ಸಾಲಾಗಿ ತಿರುಗುತ್ತಿದ್ದವು. ರಸ್ತೆ ಬದಿಯ ಗಿಡಗಳೆಲ್ಲ ಒಂದೇ ಕಡೆಗೆ ಬಾಗಿದ್ದವು. ನಾಸಿರ್ ಬದಿಯ ಕನ್ನಡಿಯಲ್ಲೇ ಕಣ್ಣು ನೆಟ್ಟಿದ್ದ.

"ಆಪಾ, ಬಸ್ ಬರ್ತಿದೆ."

"ನೋಡ್ದೆ."

ಎರಡಂತಸ್ತಿನ ಮನೆಯಂಥ ಸ್ಲೀಪರ್ ಬಸ್ಸು ಪಕ್ಕದಲ್ಲೇ ಹಾದುಹೋಯಿತು. ಅದರ ಗಾಳಿ ಪಿಕಪ್ಪಿನ ಗಾಜಿಗೆ ಬಡಿಯಿತು. ನಸೀಮಾ ಸ್ಟೇರಿಂಗನ್ನು ಅಲುಗಿಸದೆ ಹಿಡಿದಿದ್ದಳು. ಟ್ರೇಲರು ಒಮ್ಮೆ ಮೈ ಕೊಡವಿಕೊಂಡಂತೆ ಮಾಡಿ, ನೆಟ್ಟಗೆ, ಗೆರೆ ಕೊರೆದಂತೆ ಹಿಂದೆ ಬಂತು. ಇನ್ನೊಂದು ಬಸ್ಸು ಹೋಯಿತು. ಕಂಟೇನರ್ ಲಾರಿ ಹೋಯಿತು. ಟ್ರೇಲರಿಗೆ ಅದರ ಪರಿವೆಯೇ ಇರಲಿಲ್ಲ.

ನಾಸಿರ್ ಡ್ಯಾಶ್‌ಬೋರ್ಡಿಗೆ ಅಂಗೈ ಬಡಿದು ಕೂಗಿದ: "ಅರೆ ವಾಹ್ ಆಪಾ! ಅಲ್ಲಾಡ್ತಾನೇ ಇಲ್ಲ! ನಾನು ಕಟ್ಟಿದ ಗಾಡೀನ ಹೀಗೆ ಓಡಿಸ್ಬೋದು ಅಂತ ನನಗೇ ಗೊತ್ತಿರಲಿಲ್ಲ!"

ಹಿಂದಿನಿಂದ ವಾಜಿದ್ ಜೋರಾಗಿ ನಗತೊಡಗಿದ. ನಸೀಮಾಳ ಕಣ್ಣಂಚಿನಲ್ಲಿ ನೀರಾಡಿತು; ಒರೆಸಿಕೊಳ್ಳಲು ಅವಳು ಸ್ಟೇರಿಂಗಿನಿಂದ ಕೈ ತೆಗೆಯಲಿಲ್ಲ.

ಮಧ್ಯಾಹ್ನದ ಹೊತ್ತಿಗೆ ದಾವಣಗೆರೆಯ ಮದುವೆ ಹಾಲ್‌ನ ಅಂಗಳಕ್ಕೆ ಪಿಕಪ್ಪೂ ಟ್ರೇಲರೂ ತಿರುಗಿದಾಗ ಶಾಮಿಯಾನ ಕಟ್ಟುತ್ತಿದ್ದವರೆಲ್ಲ ಕೈ ಬಿಟ್ಟು ನಿಂತರು. ಅನೀಸಾ ಓಡಿ ಬಂದು ಅಕ್ಕನನ್ನು ತಬ್ಬಿಕೊಂಡರು. ಇಬ್ಬರೂ ಎಷ್ಟು ಹೊತ್ತಾದರೂ ಬಿಡಲಿಲ್ಲ.

ಮೂರು ದಿನ ಕುಬ್ರಾ ಬೀ ಟ್ರೇಲರಿನ ಮಂಚದ ಮೇಲೆ ದಿಂಬಿಗೆ ಒರಗಿ ದರ್ಬಾರು ನಡೆಸಿದರು. ನೆಂಟರು ಸಾಲುಗಟ್ಟಿ ಹತ್ತಿ ಇಳಿದರು. ಬಂದವರಿಗೆಲ್ಲ ನಾಸಿರ್ ಬಗ್ಗಿ ಬಗ್ಗಿ ಕೊಂಡಿ ತೋರಿಸುತ್ತ, "ಎಷ್ಟು ಭಾರ ಅನ್ನೋದಲ್ಲ ಭಾಯ್, ಎಲ್ಲಿ ಅನ್ನೋದು. ನಮ್ಮ ಆಪಾ ಏರ್‌ಪೋರ್ಟ್‌ನಲ್ಲಿ ವಿಮಾನದ ಭಾರ ನೋಡೋರು. ಅವರ ಸಹಿ ಇಲ್ದೆ ಒಂದು ಪೆಟ್ಟಿಗೇನೂ ಮೇಲೇಳಲ್ಲ" ಎನ್ನುತ್ತಿದ್ದ. ನಸೀಮಾ ಸ್ವಲ್ಪ ದೂರದಲ್ಲಿ ಬಿರಿಯಾನಿಯ ತಟ್ಟೆ ಹಿಡಿದು ಅದನ್ನು ಕೇಳಿಸಿಕೊಂಡಳು. ಏರಿಸಿ ಹೇಳುತ್ತಿದ್ದಾನೆ ಎನಿಸಿತು. ತಿದ್ದಲು ಹೋಗದೆ ಇನ್ನೊಂದು ತುಂಡು ಹಾಕಿಸಿಕೊಂಡಳು.

ಹೊರಡುವ ದಿನ ಅಮ್ಮಿ ಬೆಲ್ಟು ಹಾಕಿಕೊಂಡು ಸೀಟಿನಲ್ಲಿ ಸರಿಯಾಗಿ ಕೂತರು.

"ನಸೀಮಾ, ಇಲ್ಲಿಂದ ಬೀದರ್ ಎಷ್ಟು ದೂರ?"

"ಯಾಕಮ್ಮಿ? ಅಲ್ಲಿ ನಮಗೆ ಯಾರೂ ನೆಂಟರಿಲ್ವಲ್ಲ."

"ನೆಂಟರಿದ್ರೇನೇ ಹೋಗ್ಬೇಕಾ?" ಎಂದರು ಕುಬ್ರಾ ಬೀ. "ಕೋಟೆ ಚೆನ್ನಾಗಿದೆಯಂತೆ."