ಹಳ್ಳದ ದಂಡೆಯ ‘ಕಾಡು ನಾಕಾ’

ಎಮ್ಮೆಗೆಂದು ಹುಲ್ಲು ಕೊಯ್ಯಲು ಹಳ್ಳದ ದಂಡೆಯಲ್ಲಿ ಕುಡುಗೋಲು ಹಿಡಿದು ಬಗ್ಗಿದ್ದೆ. ಹಿಂದಿನಿಂದ ಯಾರೋ ಗದರಿದರು. ತಿರುಗಿದರೆ, ವಿಜಯಪುರದ ಕಡೆಯಿಂದ ಮಹಾರಾಷ್ಟ್ರದ ಮಿರಜ್ ಹತ್ತಿರದ ನಮ್ಮೂರಿಗೆ ಕೂಲಿಗೆ ಬಂದಿರುವ ಹೆಂಗಸು; ಊರವರಿಗೆಲ್ಲ ‘ಮಾವಶಿ’, ಅಂದರೆ ಚಿಕ್ಕಮ್ಮ.

“ಅಣ್ಣಾರ, ಕೈ ತಗೀರಿ. ಇದು ಕಾಡು ನಾಕಾ ಐತಿ!”

ಇಲ್ಲೆಲ್ಲಿಯ ಕಾಡು, ಎಲ್ಲಿಯ ನಾಕಾ? ಅವರು ಪಂಚಾಯಿತಿಯ ಫಲಕ ತೋರಿಸಿದರು. ಈ ದಂಡೆಯನ್ನು ಹಕ್ಕಿಗಳಿಗೆ ಬಿಡುವುದೆಂದು ಗ್ರಾಮಸಭೆ ಠರಾವು ಮಾಡಿತ್ತು. ಅದಕ್ಕೆ ನಾನೂ ಕೈ ಎತ್ತಿದ್ದೆ, ಮರೆತೂ ಇದ್ದೆ. ಫಲಕದ ಮೇಲೆ ಮರಾಠಿಯಲ್ಲಿ ‘ಗವತ ಕಾಢೂ ನಕಾ’ ಎಂದಿತ್ತು, ಅಂದರೆ ಹುಲ್ಲು ತೆಗೆಯಬೇಡಿ. ಓದಲು ಬಾರದ ಮಾವಶಿ ಯಾರೋ ಓದಿದ್ದನ್ನು ಕೇಳಿ, ಪಂಚಾಯಿತಿಯವರು ಇಲ್ಲಿ ಕಾಡು ಬೆಳೆಸಿ, ಕಾವಲಿಗೆ ತಪಾಸಣೆಯ ನಾಕಾ ಇಟ್ಟಿದ್ದಾರೆ ಎಂದುಕೊಂಡಿದ್ದರು. ಕಾವಲುಗಾರ ಮಾತ್ರ ಕಾಣಲಿಲ್ಲವಲ್ಲ, ಕೂಲಿಗೆ ಹೋಗಿ ಬರುವಾಗ ತಾವೇ ಕಾಯುತ್ತಿದ್ದರು!

ನನಗೆ ನಗು ಬಂತು. ಅವರು ನಗಲಿಲ್ಲ. ನನ್ನ ಕುಡುಗೋಲಿನಿಂದ ಗೇಣು ದೂರದಲ್ಲಿ ಹುಲ್ಲು ಸರಿಸಿ, “ಸಾವಕಾಶ ನೋಡ್ರಿ, ತತ್ತಿ ಅದಾವ” ಎಂದರು. ಕೌಜುಗ ಹಕ್ಕಿಯ ಆರು ಮೊಟ್ಟೆ.

ಅವರ ತಪ್ಪನ್ನು ನಾನು ತಿದ್ದಲಿಲ್ಲ. ಈಗ ನಮ್ಮ ಮನೆಯಲ್ಲೂ ಆ ದಂಡೆಗೆ ಕಾಡು ನಾಕಾ ಎಂದೇ ಹೆಸರು. ಅದನ್ನು ದಾಟುವಾಗ ಕುಡುಗೋಲನ್ನು ಬೆನ್ನ ಹಿಂದೆ ಮರೆಮಾಡಿ ನಡೆಯುತ್ತೇನೆ.